ನ್ಯಾರೋಬೋಟ್‌ನಲ್ಲಿ ನಾಲ್ಕು ರಾತ್ರಿ: ಬಾತ್, ಡಿವೈಜಿಸ್ ಎರಡೂ ಆಗುತ್ತದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಆಗಸ್ಟ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 70, ಅಮ್ಮನಿಗೆ ಮಂಡಿ ನೋವು, ಮಗಳಿಗೆ ಎಂಟು ವರ್ಷ. ಬ್ರಾಡ್‌ಫರ್ಡ್ ಆನ್ ಏವನ್‌ನಲ್ಲಿ ನ್ಯಾರೋಬೋಟ್ (ಕಾಲುವೆಯಲ್ಲಿ ಓಡುವ, ಒಳಗೇ ಉಳಿಯಬಹುದಾದ ಕಿರಿದಾದ ಉದ್ದನೆಯ ದೋಣಿ) ಬಾಡಿಗೆಗೆ ತಗೊಂಡು, ಸೋಮವಾರದಿಂದ ಶುಕ್ರವಾರದೊಳಗೆ ಬಾತ್ ನೋಡಿ, ಡಿವೈಜಿಸ್‌ನ ಕೇನ್ ಹಿಲ್ ಲಾಕ್‌ಗಳನ್ನೂ (ನೀರು ತುಂಬಿಸಿ, ಇಳಿಸಿ ಬೋಟನ್ನು ಮೇಲೆ ಕೆಳಗೆ ಮಾಡುವ ಗೇಟಿನ ಕಟ್ಟೆಗಳು) ಹತ್ತಿ ವಾಪಸ್ ಬರಬೇಕು ಅಂತ ಆಸೆ. ನಾನಾಗಲಿ ನನ್ನ ಹೆಂಡತಿಯಾಗಲಿ ಬೋಟ್ ನಡೆಸಿದವರಲ್ಲ. ಲೈಸೆನ್ಸ್ ಬೇಕಾ? ನಮ್ಮಿಂದ ಆಗುತ್ತದಾ?

ಉತ್ತರ: ನಮಸ್ಕಾರ. ಬಾಡಿಗೆಗೆ ಬಂದವರಿಗೆ ಬೋಟ್ ನಡೆಸುವುದನ್ನು ಹೇಳಿಕೊಡುವುದೇ ಯಾರ್ಡ್‌ನಲ್ಲಿ (ಬೋಟ್ ಬಾಡಿಗೆಗೆ ಕೊಡುವ ಜಾಗ) ನನ್ನ ಕೆಲಸ. ಲೈಸೆನ್ಸ್ ಬೇಡ. ಹೊರಡುವ ಮುಂಚೆ ಯಾರ್ಡಿನವರೇ ಎಲ್ಲ ತೋರಿಸಿಕೊಡುತ್ತಾರೆ. ನಡೆಸುವುದು ನಿಮ್ಮಿಂದ ಖಂಡಿತ ಆಗುತ್ತದೆ. ಆದರೆ ಈ ಪ್ಲಾನ್ ಆಗುವುದಿಲ್ಲ, ದಯವಿಟ್ಟು ಡಿವೈಜಿಸ್ ಬಿಟ್ಟುಬಿಡಿ.

ಲೆಕ್ಕ ನೋಡಿ. ಇಲ್ಲಿ ನಾವು ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿ ಮೂರರಿಂದ ಭಾಗಿಸುತ್ತೇವೆ, ಬರುವುದು ಗಂಟೆ. ಬ್ರಾಡ್‌ಫರ್ಡ್ ಲಾಕ್ ದಾಟಿದ ಮೇಲೆ ಡಿವೈಜಿಸ್‌ಗೆ ಸುಮಾರು 11 ಮೈಲಿ, 36 ಲಾಕ್. ಅದರಲ್ಲಿ 29 ಕೇನ್ ಹಿಲ್‌ನವೇ, ಎರಡು ಮೈಲಿಯೊಳಗೆ ಒಂದರ ಮೇಲೊಂದು. ಹೋಗಿ ಬರಲು 30 ಗಂಟೆ ದಾಟುತ್ತದೆ. ಸೋಮವಾರ ಬೋಟ್ ಕೈಗೆ ಸಿಗುವುದೇ ಮಧ್ಯಾಹ್ನ, ಶುಕ್ರವಾರ ಬೆಳಿಗ್ಗೆಯೇ ವಾಪಸ್ ಕೊಡಬೇಕು. ಅಂದರೆ ಪೂರ್ತಿ ಸಿಗುವುದು ಮೂರೇ ದಿನ. ಲಾಕ್ ಗೇಟ್ ದಬ್ಬಿ ದಬ್ಬಿ ನಿಮ್ಮ ಬೆನ್ನು ಹೋಗುತ್ತದೆ, ಅಪ್ಪ ಅಮ್ಮ ಒಳಗೆ ಸುಮ್ನೆ ಕೂತಿರಬೇಕಾಗುತ್ತದೆ.

ಬಾತ್ ಕಡೆಗೆ ಹೋಗಿ. ಬ್ರಾಡ್‌ಫರ್ಡ್ ಲಾಕ್‌ನ ಕೆಳಗಿನಿಂದ ಹೊರಟರೆ ಬಾತ್‌ನ ಮೇಲಿನ ಲಾಕ್ ತನಕ ಸುಮಾರು ಹತ್ತು ಮೈಲಿ, ನಡುವೆ ಒಂದೂ ಲಾಕ್ ಇಲ್ಲ. ಕಾಲುವೆ ಎರಡು ಸಲ ಏವನ್ ನದಿಯ ಮೇಲೇ ದಾಟುತ್ತದೆ, ಏವನ್‌ಕ್ಲಿಫ್‌ನಲ್ಲಿ ಒಮ್ಮೆ, ಡಂಡಸ್‌ನಲ್ಲಿ ಒಮ್ಮೆ. ಎರಡೂ ಜಾನ್ ರೆನ್ನಿ ಕಟ್ಟಿಸಿದ ಕಲ್ಲಿನ ಸೇತುವೆಗಳು. ಬೋಟ್ ನೀರಿನ ಮೇಲೆ, ಆ ನೀರು ಸೇತುವೆ ಮೇಲೆ, ಕೆಳಗೆ ಇನ್ನೊಂದು ನದಿ! ಅಪ್ಪನನ್ನು ಮುಂದೆ ಕೂರಿಸಿ. ಈ ಕೆನೆಟ್ ಆ್ಯಂಡ್ ಏವನ್ ಕಾಲುವೆ 1810ರಲ್ಲಿ ಪೂರ್ತಿಯಾಯಿತು, ಆಮೇಲೆ ಹಾಳುಬಿದ್ದಿತ್ತು. ಸ್ವಯಂಸೇವಕರು ವರ್ಷಗಟ್ಟಲೆ ಹೂಳೆತ್ತಿ, ಲಾಕ್ ರಿಪೇರಿ ಮಾಡಿದ ಮೇಲೆ 1990ರಲ್ಲಿ ಮತ್ತೆ ತೆರೆಯಿತು. ನನಗೆ ಅದರ ಮೇಲೆ ತುಂಬಾ ಗೌರವ ಇದೆ, ಅದಕ್ಕೇ ಜನ ಅದನ್ನು ಅವಸರದಲ್ಲಿ ಓಡಿ ಮುಗಿಸಿದರೆ ಬೇಜಾರಾಗುತ್ತದೆ.

ಪ್ರಶ್ನೆ: ಸರ್, ಹಾಗಾದರೆ ಒಂದೂ ಲಾಕ್ ಇಲ್ವಾ? ಮಗಳಿಗೆ ಲಾಕ್ ತೋರಿಸಲೇಬೇಕು.

ಉತ್ತರ: ಬ್ರಾಡ್‌ಫರ್ಡ್ ಲಾಕ್ ಒಂದನ್ನು ಹತ್ತಿ ಇಳಿಯಿರಿ, ಸಾಕು. ಆದರೆ ಇದನ್ನು ಗಮನವಿಟ್ಟು ಓದಿ.

ಲಾಕ್ ಅಂದರೆ ನೀರಿನ ಮೆಟ್ಟಿಲು. ಎರಡೂ ಕಡೆ ಗೇಟ್, ನಮ್ಮ ಕೆರೆ ತೂಬಿನ ಹಾಗೆ ನೀರು ಬಿಡುವ ಪ್ಯಾಡಲ್‌ಗಳು. ವಿಂಡ್ಲಾಸ್ ಅನ್ನುವ ಕಬ್ಬಿಣದ ಹಿಡಿ ಹಾಕಿ ಅವನ್ನು ಎತ್ತಬೇಕು. ಎತ್ತಿದ ಮೇಲೆ ಕೊಕ್ಕೆ ಕೂತಿದೆಯಾ ನೋಡದೆ ಕೈ ಬಿಡಬೇಡಿ, ಹಿಡಿ ಗಿರ್ರನೆ ಹಿಂದಕ್ಕೆ ತಿರುಗಿದರೆ ಮಣಿಕಟ್ಟು ಮುರಿಯುತ್ತದೆ. ಕೆಲಸ ಮುಗಿದ ತಕ್ಷಣ ಹಿಡಿ ತೆಗೆದುಬಿಡಿ.

ಅದಕ್ಕಿಂತ ಜಾಸ್ತಿ ಭಯ ಬೇಕಾದದ್ದು ಇಳಿಯುವಾಗ. ಮೇಲಿನ ಗೇಟಿನ ಬುಡದಲ್ಲಿ ಕಲ್ಲಿನ ಹೊಸ್ತಿಲು ಮುಂದಕ್ಕೆ ಚಾಚಿರುತ್ತದೆ, ಸಿಲ್ ಅನ್ನುತ್ತಾರೆ. ಲಾಕ್ ತುಂಬಿದ್ದಾಗ ಕಾಣುವುದಿಲ್ಲ. ಅದು ಎಲ್ಲಿಯವರೆಗೆ ಇದೆ ಅಂತ ಗೋಡೆ ಮೇಲೆ ಬಿಳಿ ಗೆರೆ ಇರುತ್ತದೆ. ಬೋಟ್‌ನ ಹಿಂಭಾಗ ಆ ಗೆರೆಗಿಂತ ಮುಂದೆಯೇ ಇರಬೇಕು. ಒಮ್ಮೆ ಒಂದು ಕುಟುಂಬ ಫೋಟೋ ತೆಗೆಯುತ್ತಾ ನಿಂತಿದ್ದರು, ಬೋಟ್ ಮೆಲ್ಲಗೆ ಹಿಂದಕ್ಕೆ ತೇಲಿತು. ನೀರು ಇಳಿಯಿತು, ಹಿಂಭಾಗ ಹೊಸ್ತಿಲ ಮೇಲೆ ಕೂತಿತು, ಮೂತಿ ಮಾತ್ರ ಇಳಿಯುತ್ತಾ ಹೋಯಿತು. ಒಳಗೆ ತಟ್ಟೆ ಲೋಟ ಜಾರಿ ಬೀಳುವ ಸದ್ದು. ನಾನು ಓಡಿ ಕೆಳಗಿನ ಪ್ಯಾಡಲ್ ಇಳಿಸಿದೆ, ಆಮೇಲೆ ಮೇಲಿನದನ್ನು ಸ್ವಲ್ಪ ಸ್ವಲ್ಪವೇ ಎತ್ತಿ ನೀರು ತುಂಬಿಸಿದೆ, ಬೋಟ್ ಎದ್ದಿತು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಮುಳುಗುತ್ತಿತ್ತು. ಆದ್ದರಿಂದ ನೀವು ಚುಕ್ಕಾಣಿ ಬಿಡಬೇಡಿ, ನಿಮ್ಮ ಹೆಂಡತಿ ಪ್ಯಾಡಲ್ ಬಿಟ್ಟು ಕದಲದಿರಲಿ. ಒಬ್ಬರ ಕಣ್ಣು ಒಬ್ಬರ ಮೇಲಿರಲಿ.

ಪ್ರಶ್ನೆ (ಬೇರೆ ಸದಸ್ಯರು): ಅಣ್ಣ, ಚುಕ್ಕಾಣಿ ಉಲ್ಟಾ ಅಂತಾರಲ್ಲ? ದಡಕ್ಕೆ ಗುದ್ದಿದರೆ?

ಉತ್ತರ: ಹೌದು, ಎಡಕ್ಕೆ ಹೋಗಲು ಹಿಡಿಯನ್ನು ಬಲಕ್ಕೆ ತಳ್ಳಬೇಕು. ಅರ್ಧ ಗಂಟೆಯಲ್ಲಿ ಕೈಗೆ ಬರುತ್ತದೆ. ಎದುರು ಬೋಟ್ ಬಂದರೆ ನೀವು ಬಲಕ್ಕೆ. ಮಿತಿ ಗಂಟೆಗೆ 4 ಮೈಲಿ, ಕಟ್ಟಿಹಾಕಿದ ಬೋಟ್‌ಗಳ ಪಕ್ಕ ಇನ್ನೂ ನಿಧಾನ, ಇಲ್ಲದಿದ್ದರೆ ಅವರು ನೆಲಕ್ಕೆ ಹೊಡೆದ ಗೂಟಗಳೇ ಕಿತ್ತುಬರುತ್ತವೆ. ಗುದ್ದುತ್ತದೆ ಅನ್ನಿಸಿದರೆ ಗುದ್ದಲಿ ಬಿಡಿ, ಕಾಲು ಮಾತ್ರ ಅಡ್ಡ ಕೊಡಬೇಡಿ. ಹತ್ತು ಹದಿನೈದು ಟನ್ ತೂಕ ಅದು.

ಪ್ರಶ್ನೆ: ಅಮ್ಮನ ಬಗ್ಗೆ ಇನ್ನೊಂದು ಸರ್. ಟಾಯ್ಲೆಟ್, ಅಡುಗೆ ಹೇಗೆ?

ಉತ್ತರ: ಬೋಟ್ ಏಳಡಿಗಿಂತ ಕಿರಿದು, ಒಳಗೆ ಉದ್ದನೆಯ ಓಣಿ ಇದ್ದ ಹಾಗೆ. ಇಳಿಯಲು ಕಡಿದಾದ ಎರಡು ಮೂರು ಮೆಟ್ಟಿಲು ಇರುತ್ತವೆ. ಬುಕ್ ಮಾಡುವ ಮುಂಚೆ ಮೆಟ್ಟಿಲಿನ ಫೋಟೋ ಕೇಳಿ, ಹಿಡಿದುಕೊಳ್ಳಲು ಕಂಬಿ ಇದೆಯಾ ಅಂತಲೂ ಕೇಳಿ. ಚೊಂಬು ಬಳಸಬಹುದು, ಆದರೆ ಟಾಯ್ಲೆಟ್ ಟ್ಯಾಂಕ್ ಬೇಗ ತುಂಬುತ್ತದೆ, ಯಾರ್ಡ್‌ಗೆ ಮೊದಲೇ ಹೇಳಿ. ಕುಡಿಯುವ ನೀರಿನ ಟ್ಯಾಂಕ್ ದಿನಾ ತುಂಬಿಸಿಕೊಳ್ಳಿ. ಗ್ಯಾಸ್ ಒಲೆ ಇರುತ್ತದೆ, ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ. ಕುಕ್ಕರ್ ಮನೆಯಿಂದಲೇ ತನ್ನಿ.