ಅಪ್‌ಡೇಟ್: 1968ರ ಶೆವರ್ಲೆ ಶೆವೆಲ್ ಕಾರಿಗೆ ಸರಿಯಾದ ವ್ಯಾಕ್ಯೂಮ್ ಅಡ್ವಾನ್ಸ್ ಸಿಕ್ಕಿತು

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನನ್ನ ಶೆವೆಲ್ ಎಸ್‌ಎಸ್ 396ಗೆ ದೊಡ್ಡ ಕ್ಯಾಮ್ (ಎಂಜಿನ್ ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿದ ಮೇಲೆ ಐಡಲ್‌ನಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಒದ್ದಾಡುತ್ತಿದೆ, ಡಿಸ್ಟ್ರಿಬ್ಯೂಟರ್‌ಗೆ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಯಾವ ವ್ಯಾಕ್ಯೂಮ್ ಡಬ್ಬಿ (ಎಂಜಿನ್‌ನ ವ್ಯಾಕ್ಯೂಮ್ ಎಳೆತದಿಂದ ಕಿಡಿಯನ್ನು ಸ್ವಲ್ಪ ಮುಂಚೆ ಬರಿಸುವ ಡಬ್ಬಿ) ಹಾಕಲಿ ಅಂತ ಕೇಳಿದ್ದೆ ಅಲ್ವಾ?

ಮೊದಲು ವ್ಯಾಕ್ಯೂಮ್ ಗೇಜ್ ಹಾಕಿ ನೋಡಿ ಅಂದವರ ಮಾತೇ ಸರಿ. ಐಡಲ್‌ನಲ್ಲಿ ಬರುತ್ತಿರುವುದು ಬರೀ 11 ಇಂಚು ವ್ಯಾಕ್ಯೂಮ್ (ಪಾದರಸದ ಇಂಚಿನ ಲೆಕ್ಕ). ಅಂಗಡಿಯಲ್ಲಿ ಕೊಟ್ಟಿದ್ದ ಡಬ್ಬಿ ಪೂರ್ತಿ ಎಳೆಯೋಕೆ 15 ಇಂಚು ಬೇಕು, ಹಾಗಾಗಿ ಅದು ಅರ್ಧಕ್ಕೆ ನಿಂತು ನಡುಗುತ್ತಿತ್ತು, ಟೈಮಿಂಗ್ ಲೈಟ್ (ಕಿಡಿ ಬಂದಾಗಲೆಲ್ಲ ಮಿಂಚುವ ದೀಪ) ಹಿಡಿದರೆ ಬ್ಯಾಲೆನ್ಸರ್ (ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ತುದಿಯ ಚಕ್ರ) ಮೇಲಿನ ಗೆರೆ ಒಂದು ಕಡೆ ನಿಲ್ಲದೆ ಹಿಂದೆ ಮುಂದೆ ಕುಣಿಯುತ್ತಿತ್ತು.

ಈಗ ಬಿ28 ನಂಬರಿನ ಡಬ್ಬಿ ಹಾಕಿದ್ದೇನೆ. ಕೊಳ್ಳುವಾಗ ಪೊಟ್ಟಣ ನೋಡಬೇಡಿ, ಡಬ್ಬಿಯ ಕಡ್ಡಿ ಮೇಲೆ ಒತ್ತಿರುವ ನಂಬರ್ ನೋಡಿ. ಇದು ಸುಮಾರು 8 ಇಂಚಿಗೇ ಪೂರ್ತಿ ಎಳೆದು ಕ್ರ್ಯಾಂಕ್‌ನಲ್ಲಿ 16 ಡಿಗ್ರಿ ಅಡ್ವಾನ್ಸ್ ಕೊಡುತ್ತದೆ, ಅಂದ್ರೆ ಕಿಡಿ ಅಷ್ಟು ಮುಂಚೆ ಬರುತ್ತದೆ. ಐಡಲ್ ವ್ಯಾಕ್ಯೂಮ್‌ಗಿಂತ ಕನಿಷ್ಠ 2 ಇಂಚು ಕಡಿಮೆಯಲ್ಲೇ ಪೂರ್ತಿ ಎಳೆಯುವ ಡಬ್ಬಿ ಬೇಕು, ಲೆಕ್ಕ ಅಷ್ಟೇ. ಡಬ್ಬಿಯ ಪೈಪನ್ನು ನೇರ ಮ್ಯಾನಿಫೋಲ್ಡ್‌ಗೆ (ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ) ಕೊಟ್ಟಿದ್ದೇನೆ. ಗೆರೆ ಅಲ್ಲಾಡುತ್ತಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಏರುವುದೂ ಕಡಿಮೆ ಆಗಿದೆ, ಅದು ನನಗೆ ಜಾಸ್ತಿ ಖುಷಿ.

ಬ್ರೇಕ್ ಪೆಡಲ್ ಮಾತ್ರ ಇನ್ನೂ ಗಟ್ಟಿ. 11 ಇಂಚು ಬ್ರೇಕ್ ಬೂಸ್ಟರ್‌ಗೆ (ವ್ಯಾಕ್ಯೂಮ್‌ನಿಂದ ಪೆಡಲ್ ಹಗುರ ಮಾಡುವ ಭಾಗ) ಸಾಲುತ್ತಿಲ್ಲ ಅನಿಸುತ್ತದೆ. ಚೆಕ್ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವ್) ಇರುವ, ವ್ಯಾಕ್ಯೂಮ್ ಕೂಡಿಡುವ ರಿಸರ್ವ್ ಟ್ಯಾಂಕ್ ಹಾಕಿದವರಿದ್ದರೆ, ಎಲ್ಲಿ ಕೂರಿಸಿದಿರಿ ಹೇಳಿ.