ಗ್ರೀನ್ ಕಾರ್ಡ್ ಇದ್ದವರ ಮನೆಗೆ ವೋಟರ್ ಕಾರ್ಡ್ ಬಂದರೆ? ಲಾಯರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: 2026ರ ನವೆಂಬರ್ 3ಕ್ಕೆ ಅಮೆರಿಕದ ಮಿಡ್‌ಟರ್ಮ್ ಎಲೆಕ್ಷನ್, ಅಂದರೆ ಅಧ್ಯಕ್ಷರ ಅವಧಿಯ ಮಧ್ಯೆ ಬರುವ ಚುನಾವಣೆ. ಸಂಸತ್ತಿನ ಕೆಳಮನೆಯ 435 ಸೀಟು, ಮೇಲ್ಮನೆ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗ. ನಮ್ಮ ಗುಂಪಿನ ಇಮಿಗ್ರೇಷನ್ ಲಾಯರ್ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ಜಗಳ ಬೇಡ.

ಬೇ ಏರಿಯಾ ಬಾಲು: ಎಚ್1ಬಿ ಕೆಲಸದ ವೀಸಾದಲ್ಲಿದ್ದೇನೆ. ಟ್ಯಾಕ್ಸ್ ಕಟ್ಟುತ್ತೇನೆ. ವೋಟ್ ಹಾಕಬಹುದಾ?

ಲಾಯರ್ ಮೇಡಂ: ಇಲ್ಲ. ಸಿಟಿಜನ್‌ಗಳಿಗೆ ಮಾತ್ರ. ಟ್ಯಾಕ್ಸಿಗೂ ವೋಟಿಗೂ ಸಂಬಂಧವಿಲ್ಲ.

ಆಸ್ಟಿನ್ ಅಕ್ಕ: ಹೋದ ವರ್ಷ ಸಿಟಿಜನ್ ಆದೆ ಮೇಡಂ. ಪಾರ್ಟಿ ಸೇರದೆ ಪ್ರೈಮರಿಯಲ್ಲಿ ವೋಟ್ ಹಾಕಬಹುದಾ?

ಲಾಯರ್ ಮೇಡಂ: ಅಭಿನಂದನೆ! ನಿಮ್ಮ ಟೆಕ್ಸಾಸ್‌ನಲ್ಲಿ ಹಾಕಬಹುದು. ವೋಟರ್ ಲಿಸ್ಟಿಗೆ ಸೇರುವಾಗ ಅಲ್ಲಿ ಪಾರ್ಟಿ ಯಾವುದು ಅಂತ ಕೇಳುವುದೇ ಇಲ್ಲ, ಆ ದಿನ ಯಾವ ಪಾರ್ಟಿಯ ಬ್ಯಾಲೆಟ್ ಕೇಳುತ್ತೀರೋ ಅದು. ಆಮೇಲೆ ರನಾಫ್, ಅಂದರೆ ಎರಡನೇ ಸುತ್ತು ಬಂದರೆ ಪಾರ್ಟಿ ಬದಲಾಯಿಸುವ ಹಾಗಿಲ್ಲ. ನ್ಯೂಯಾರ್ಕ್, ಫ್ಲೋರಿಡಾದಲ್ಲಾದರೆ ಮೊದಲೇ ಪಾರ್ಟಿ ಬರೆಸಿರಬೇಕು. ನಮ್ಮೂರಿನ ಹಾಗೆ ಇಲ್ಲಿ ಹೈಕಮಾಂಡ್ ಕೂತು ಟಿಕೆಟ್ ಹಂಚುವುದಿಲ್ಲ. ಅಭ್ಯರ್ಥಿ ಯಾರು ಅಂತ ಪ್ರೈಮರಿಯಲ್ಲಿ ವೋಟರ್‌ಗಳೇ ತೀರ್ಮಾನ ಮಾಡುವುದು, ಹಾಗಾಗಿ ತಪ್ಪಿಸಬೇಡಿ.

ಹಾಸನದ ಹುಡುಗಿ: ಮೇಡಂ, ನನ್ನ ಗಂಡನಿಗೆ ಗ್ರೀನ್ ಕಾರ್ಡ್ ಇದೆ, ಅಂದರೆ ಕಾಯಂ ಆಗಿ ಇರುವ ಅನುಮತಿ, ಇನ್ನೂ ಸಿಟಿಜನ್ ಅಲ್ಲ. ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಓ) ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸಿದ ಮೇಲೆ ಪೋಸ್ಟಲ್ಲಿ ವೋಟರ್ ಕಾರ್ಡ್ ಬಂದಿತ್ತು. ಮುಂದಿನ ತಿಂಗಳು ಸಿಟಿಜನ್‌ಶಿಪ್‌ಗೆ ಎನ್-400 ಅರ್ಜಿ ಹಾಕಬೇಕು ಅಂತಿದ್ದೇವೆ. ಕಾರ್ಡ್ ಹರಿದು ಬಿಸಾಕಿದರೆ ಸಾಕಾ?

ಲಾಯರ್ ಮೇಡಂ: ಹರಿಯಬೇಡಿ. ಎನ್-400 ಸದ್ಯಕ್ಕೆ ಹಾಕಲೇಬೇಡಿ. 1993ರ ಕಾನೂನಿನಿಂದಾಗಿ ಹೆಚ್ಚಿನ ರಾಜ್ಯಗಳಲ್ಲಿ ಲೈಸೆನ್ಸ್ ಕೌಂಟರ್‌ನಲ್ಲೇ ವೋಟರ್ ಲಿಸ್ಟಿಗೂ ಸೇರಿಸುತ್ತಾರೆ, ಅಲ್ಲಿ ತಪ್ಪುಗಳೂ ಆಗುತ್ತವೆ. ಆರೆಗನ್‌ನಲ್ಲಿ ಡಿಎಂವಿಯವರೇ ಸಾವಿರಕ್ಕೂ ಜಾಸ್ತಿ ಜನರನ್ನು ಸಿಟಿಜನ್‌ಶಿಪ್ ದಾಖಲೆ ಇಲ್ಲದೆ ಸೇರಿಸಿದ್ದು 2024ರಲ್ಲಿ ಹೊರಗೆ ಬಂತು. ಆದ್ದರಿಂದ ಮೊದಲು ಆ ಡಿಎಂವಿ ಫಾರಂನ ಪ್ರತಿ ತರಿಸಿ. 'ನಾನು ಸಿಟಿಜನ್' ಅನ್ನೋ ಕಡೆ ಟಿಕ್ ಇದೆಯಾ, ಸಹಿ ಯಾರದು, ಎಲ್ಲಾ ಅದರಲ್ಲೇ ಗೊತ್ತಾಗಬೇಕು. ನಿಮ್ಮ ಗಂಡನೇ ಟಿಕ್ ಮಾಡಿದ್ದರೆ ಸಿಟಿಜನ್ ಅಂತ ಸುಳ್ಳು ಹೇಳಿದ ಹಾಗಾಗುತ್ತದೆ, ಇಮಿಗ್ರೇಷನ್ ಕಾನೂನಿನಲ್ಲಿ ಅದಕ್ಕೆ ಮಾಫಿ ಸಿಗುವುದು ತೀರಾ ಕಷ್ಟ. ಲಿಸ್ಟಿನಿಂದ ಹೆಸರು ತೆಗೆಸುವ ಪತ್ರವನ್ನೂ ಲಾಯರ್ ನೋಡಿದ ಮೇಲೆಯೇ ಕಳಿಸಿ. ಒಂದು ಪ್ರಶ್ನೆ, ಅವರು ವೋಟ್ ಹಾಕಿದ್ದಾರಾ?

ಡಾಲಸ್ ಗೌಡ್ರು: ಫಾರ್ವರ್ಡ್ ಬಂದಿದೆ ನೋಡಿ, 'ಗ್ರೀನ್ ಕಾರ್ಡಿಗೆ 5 ವರ್ಷ ತುಂಬಿದವರು ವೋಟ್ ಹಾಕಬಹುದು, ಎಲ್ಲಾ ಕನ್ನಡಿಗರಿಗೂ ಕಳಿಸಿ.' ಅವರು ಸುಮ್ನೆ ಭಯ ಪಡುವುದು ಬೇಡ.

ಲಾಯರ್ ಮೇಡಂ: ಗೌಡ್ರೇ, ಅದನ್ನು ಈಗಲೇ ಡಿಲೀಟ್ ಮಾಡಿ. 5 ವರ್ಷಕ್ಕೆ ಸಿಗುವುದು ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವ ಅವಕಾಶ, ವೋಟಲ್ಲ. ಇಂಥ ಮೆಸೇಜ್ ನಂಬಿದವರನ್ನು ಗಡಿಪಾರು ಮಾಡುವಾಗ ಫಾರ್ವರ್ಡ್ ಮಾಡಿದವರು ಯಾರೂ ಕೋರ್ಟಿಗೆ ಬರುವುದಿಲ್ಲ.

ಜರ್ಸಿ ಮಂಜ: ಗೌಡ್ರ ವೋಟೇ ಲೆಕ್ಕಕ್ಕಿಲ್ಲ ಬಿಡಿ, ಟೆಕ್ಸಾಸ್‌ನಲ್ಲಿ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತು. 2016ರ ಅಧ್ಯಕ್ಷ ಚುನಾವಣೆಯಲ್ಲಿ ಹಿಲರಿಗೆ 28 ಲಕ್ಷ ವೋಟ್ ಜಾಸ್ತಿ ಬಿದ್ದಿತ್ತು, ಗೆದ್ದದ್ದು ಟ್ರಂಪ್.

ಡಾಲಸ್ ಗೌಡ್ರು: ಅಧ್ಯಕ್ಷರನ್ನು ಆರಿಸಲು ರಾಜ್ಯವಾರು ಹಂಚಿರುವ 538 ಎಲೆಕ್ಟೋರಲ್ ವೋಟಲ್ಲಿ ಕನಿಷ್ಠ 270 ತಗೊಂಡವರು ಗೆದ್ದ ಹಾಗೆ, ನಿಯಮ ಇಬ್ಬರಿಗೂ ಗೊತ್ತಿತ್ತಲ್ಲ. ಸೋತ ಮೇಲೆ ನಿಯಮ ಸರಿಯಿಲ್ಲ ಅನ್ನುತ್ತೀಯಾ?

ಜರ್ಸಿ ಮಂಜ: ಆರು ಲಕ್ಷ ಜನವೂ ಇಲ್ಲದ ವಯೋಮಿಂಗ್‌ಗೆ 3, ನಾಲ್ಕು ಕೋಟಿ ಹತ್ತಿರ ಇರುವ ಕ್ಯಾಲಿಫೋರ್ನಿಯಾಗೆ 54. ತಲೆ ಲೆಕ್ಕ ನೀವೇ ಹಾಕಿ ಗೌಡ್ರೇ, ಬರುತ್ತೆ ತಾನೇ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಸಿಯಾಟಲ್ ಸುಮಾ: ಎಚ್1ಬಿ ಇರುವವರು ಅಭ್ಯರ್ಥಿಗೆ ಚಂದಾ ಕೊಡಬಹುದಾ?

ಲಾಯರ್ ಮೇಡಂ: ಒಂದು ಡಾಲರೂ ಬೇಡ. ಗ್ರೀನ್ ಕಾರ್ಡ್‌ನವರು ಕೊಡಬಹುದು.

ಹಾಸನದ ಹುಡುಗಿ: ಮೇಡಂ, ಈಗ ಕೇಳಿದೆ. ಸ್ಕೂಲ್ ಬೋರ್ಡ್ ಎಲೆಕ್ಷನ್‌ನಲ್ಲಿ ಒಂದು ಸಲ ಹಾಕಿದ್ದಾರಂತೆ. ಕಾರ್ಡ್ ಬಂದಿದೆಯಲ್ಲ, ಹಾಕಬಹುದು ಅಂದುಕೊಂಡಿದ್ದರಂತೆ.

ಬೇ ಏರಿಯಾ ಬಾಲು: ಸ್ಕೂಲ್ ಬೋರ್ಡಿಗೆ ಓಕೆ ಅಲ್ವಾ? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಿಡುತ್ತಾರೆ.

ಲಾಯರ್ ಮೇಡಂ: ಬಾಲು, ಅಲ್ಲಿ 19 ವರ್ಷದೊಳಗಿನ ಮಕ್ಕಳಿರುವ ಪೋಷಕರಿಗೆ ಬೇರೆ ಫಾರಂ, ಬೇರೆ ಬ್ಯಾಲೆಟ್. ಮೇರಿಲ್ಯಾಂಡ್‌ನ ಟಕೋಮಾ ಪಾರ್ಕ್‌ನಂಥ ಕೆಲವು ಊರುಗಳಲ್ಲೂ ನಗರಸಭೆಗೆ ಮಾತ್ರ. ಇಲ್ಲಿ ಬಂದದ್ದು ಮಾಮೂಲಿ ವೋಟರ್ ಕಾರ್ಡ್. ಗೊತ್ತಿಲ್ಲದ ಕಡೆ ಸುಮ್ಮನಿರಿ.

ಹಾಸನದವರೇ, ಗಾಬರಿಯಾಗಬೇಡಿ, ಆದರೆ ಹಗುರವಾಗಿಯೂ ತಗೊಳ್ಳಬೇಡಿ. ಕಾನೂನು ಮೀರಿ ಹಾಕಿದ ವೋಟು ಸ್ಥಳೀಯ ಚುನಾವಣೆಯದ್ದಾದರೂ ಗಡಿಪಾರಿಗೆ ಕಾರಣ ಆಗಬಹುದು. ನಿಮ್ಮ ರಾಜ್ಯದ ಕಾನೂನು 'ಗೊತ್ತಿದ್ದೂ ಹಾಕಿದರೆ' ಮಾತ್ರ ತಪ್ಪು ಅನ್ನುತ್ತದಾ ಅನ್ನುವುದರ ಮೇಲೆ ಕೇಸ್ ನಿಲ್ಲುತ್ತದೆ, ಅದಕ್ಕೇ ಆ ಡಿಎಂವಿ ಫಾರಂ ಬೇಕು. ಅಲ್ಲಿಯವರೆಗೆ ಇಂಡಿಯಾಗೆ ಹೋಗಿಬರುವುದೂ ಬೇಡ, ವಾಪಸ್ ಬರುವಾಗ ಏರ್‌ಪೋರ್ಟ್‌ನಲ್ಲೇ ಪ್ರಶ್ನೆ ಏಳಬಹುದು. ಇಲ್ಲಿ ಇನ್ನೇನೂ ಬರೆಯಬೇಡಿ.

ಡಾಲಸ್ ಗೌಡ್ರು: ಎನ್-400ರಲ್ಲಿ 'ವೋಟ್ ಹಾಕಿದ್ದೀರಾ' ಅನ್ನುವ ಕಡೆ 'ನೋ' ಅಂತ ಹಾಕಿದರೆ ಯಾರಿಗೆ ಗೊತ್ತಾಗುತ್ತೆ ಮೇಡಂ?

ಲಾಯರ್ ಮೇಡಂ: ಯಾರು ವೋಟ್ ಹಾಕಿದರು ಅನ್ನುವುದು ಚುನಾವಣಾ ಕಚೇರಿಯ ದಾಖಲೆಯಲ್ಲಿ ಇರುತ್ತದೆ ಸ್ವಾಮಿ, ಗುಟ್ಟಾಗಿರುವುದು ಯಾರಿಗೆ ಹಾಕಿದರು ಅನ್ನುವುದು ಮಾತ್ರ. ಆ ಫಾರಂನಲ್ಲಿ ಇದೇ ಪ್ರಶ್ನೆ ನೇರವಾಗಿ ಇದೆ. ಪ್ರಮಾಣ ಮಾಡಿ ಸುಳ್ಳು ಬರೆದರೆ ಎರಡನೇ ಕೇಸ್. ಇಂಥ ಸಲಹೆ ಕೊಡುವ ಗುಂಪಿನಲ್ಲಿ ನಾನು ಇರುವುದಿಲ್ಲ.

ಫೀನಿಕ್ಸ್ ಪ್ರಕಾಶ: ಮೇಡಂ, ಅಪ್ಪ ಅಮ್ಮ ಇಲ್ಲಿ ಸಿಟಿಜನ್ ಆದರು, ಮೈಸೂರಿನ ವೋಟರ್ ಲಿಸ್ಟಲ್ಲಿ ಇನ್ನೂ ಹೆಸರಿದೆ. ಏನು ಮಾಡಬೇಕು?

ಜರ್ಸಿ ಮಂಜ: ಗೌಡ್ರೇ, ಮೇನ್ ಮತ್ತು ನೆಬ್ರಾಸ್ಕಾ ರಾಜ್ಯಗಳಲ್ಲಿ ಎಲೆಕ್ಟೋರಲ್ ವೋಟನ್ನು ಕೆಳಮನೆಯ ಕ್ಷೇತ್ರವಾರು ಹಂಚುತ್ತಾರೆ. ಎಲ್ಲಾ ಕಡೆ ಹಾಗೆ ಮಾಡಲು ನಿಮ್ಮವರು ಒಪ್ಪುತ್ತಾರಾ?

ಡಾಲಸ್ ಗೌಡ್ರು: ನಿಮ್ಮ ಜರ್ಸಿಯಲ್ಲಿ ಮೊದಲು ಶುರು ಮಾಡಿ, ಆಮೇಲೆ ನಮಗೆ ಹೇಳು.

ಫೀನಿಕ್ಸ್ ಪ್ರಕಾಶ: ಮೇಡಂ?

ಅಡ್ಮಿನ್: ಕಾಮೆಂಟ್ ಬಂದ್ ಮಾಡಿದ್ದೇನೆ. ಗೌಡ್ರು, ಮಂಜ, ಇಬ್ಬರೂ ಇನ್‌ಬಾಕ್ಸ್‌ಗೆ ಬನ್ನಿ.