ರಘು, ಇಬ್ಬರಿಗೂ ವೀಲ್‌ಚೇರ್ ಹಾಕಬೇಡ

ರಘು, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುವಷ್ಟು ಚಿಕ್ಕ ವಿಷಯ ಅಲ್ಲ, ಅದಕ್ಕೇ ಮಾತಾಡಿ ಮನೆಯವರ ಗ್ರೂಪ್‌ಗೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೇಳು.

ನೀನು ಕೇಳಿದ್ದು ಇಷ್ಟು ಅಲ್ವಾ? ದೊಡ್ಡಪ್ಪ, ದೊಡ್ಡಮ್ಮ ಸುಧಾ ಮನೆಗೆ ಚಿಕಾಗೋಗೆ ಹೊರಟಿದ್ದಾರೆ, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಾಯಿಸಬೇಕು. ವೀಲ್‌ಚೇರ್ ಫ್ರೀ ಅಂತ ಇದೆ, ಇಬ್ಬರಿಗೂ ಹಾಕಿಬಿಡಲಾ ಅಂತ. ಚಿಕ್ಕಪ್ಪ "ಹಾಕು ಹಾಕು, ಎಲ್ಲರೂ ಹಾಕುತ್ತಾರೆ, ಕ್ಯೂ ತಪ್ಪುತ್ತದೆ" ಅಂದರು. ವಾಣಿ ಅತ್ತೆಗೆ ಬೇರೆ ಭಯ. ದೊಡ್ಡಪ್ಪ ಸ್ಟ್ರೋಕ್ ಆದವರು ಅಂತ ಹೇಳಿದರೆ ವಿಮಾನ ಹತ್ತಿಸದೇ ಹೋದರೆ ಅಂತ.

ದೊಡ್ಡಪ್ಪನಿಗೆ ಖಂಡಿತ ಹಾಕು. ದೊಡ್ಡಮ್ಮನಿಗೆ ಬೇಡ. ಚಿಕ್ಕಪ್ಪ, ಬೈಕೊಳ್ಳಬೇಡಿ, ಪೂರ್ತಿ ಕೇಳಿ.

ದೊಡ್ಡಮ್ಮ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬರುವವರು. ಅವರಿಗೆ ಕಾಲಿನ ತೊಂದರೆ ಇಲ್ಲ, ಇಂಗ್ಲಿಷ್‌ನ ತೊಂದರೆ. ಯಾವ ಗೇಟು, ಇಮಿಗ್ರೇಶನ್‌ನಲ್ಲಿ ಏನು ಹೇಳಬೇಕು ಅನ್ನುವ ಗಾಬರಿ. ಅಮೆರಿಕಕ್ಕೆ ಹೋಗುವ ನಮ್ಮ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ವೀಲ್‌ಚೇರ್ ಕೇಳುವುದೇ ಇದಕ್ಕೆ. ಹತ್ತುವಾಗ ಗೇಟಿನ ಮುಂದೆ ಕುರ್ಚಿಗಳ ಸಾಲು ನಿಂತಿರುತ್ತದೆ. ಇಳಿಯುವಾಗ ಅವರಲ್ಲೇ ಕೆಲವರು ಬ್ಯಾಗ್ ಎಳೆದುಕೊಂಡು ಎಲ್ಲರಿಗಿಂತ ಮುಂದೆ ಓಡುತ್ತಾರೆ. ಭಯ ನಿಜವೇ, ನಾನು ಬೈಯುವುದಿಲ್ಲ. ಆದರೆ ಕುರ್ಚಿ ತಳ್ಳುವ ಜನ ಇರುವುದು ಇಷ್ಟೇ.

2024ರ ಫೆಬ್ರವರಿಯಲ್ಲಿ ಮುಂಬೈನಲ್ಲಿ ಆದದ್ದು ನೆನಪಿದೆಯಾ? ನ್ಯೂಯಾರ್ಕ್‌ನಿಂದ ಏರ್ ಇಂಡಿಯಾದಲ್ಲಿ ಬಂದ ವಯಸ್ಸಾದ ಗಂಡ ಹೆಂಡತಿ. ಇಬ್ಬರಿಗೂ ವೀಲ್‌ಚೇರ್ ಬುಕ್ ಆಗಿತ್ತು. ಬಂದದ್ದು ಒಂದು. ಹೆಂಡತಿಯನ್ನು ಕೂರಿಸಿ 80 ವರ್ಷದ ಗಂಡ ಪಕ್ಕದಲ್ಲಿ ನಡೆದರು. ಇಮಿಗ್ರೇಶನ್ ಹತ್ತಿರ ಕುಸಿದು ಬಿದ್ದರು, ಉಳಿಯಲಿಲ್ಲ. ಬೇಡಿಕೆ ಜಾಸ್ತಿ ಇತ್ತು, ಕಾಯಿರಿ ಅಂದೆವು, ಅವರೇ ನಡೆದರು ಅಂತ ಕಂಪನಿ ಹೇಳಿತು. ವಿಮಾನಯಾನ ಇಲಾಖೆ, ಅದೇ ಡಿಜಿಸಿಎ, ಅದನ್ನು ಒಪ್ಪಲಿಲ್ಲ. 30 ಲಕ್ಷ ದಂಡ ಹಾಕಿತು. ಸರಿಯಾಗೇ ಮಾಡಿತು. ಎಷ್ಟು ಜನ ಕುರ್ಚಿ ಕೇಳಿದ್ದಾರೆ ಅನ್ನುವುದು ವಿಮಾನ ಹಾರುವ ಮೊದಲೇ ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಇಳಿಯುವ ಹೊತ್ತಿಗೆ ಅಷ್ಟು ಕುರ್ಚಿ, ಅಷ್ಟು ಜನ ಇಟ್ಟುಕೊಳ್ಳುವುದು ಅವರ ಕೆಲಸ. ನಾವು ಸುಮ್ನೆ ಟಿಕ್ ಹಾಕಬಾರದು ಅನ್ನುವುದು ಬೇರೆ ಮಾತು. ಅದನ್ನು ನೆಪ ಮಾಡಿಕೊಂಡು ಅವರು ತಪ್ಪಿಸಿಕೊಳ್ಳಬಾರದು.

ಈಗ ವಾಣಿ ಅತ್ತೆಯ ಭಯ. ಅದು ಸುಳ್ಳು ಭಯ ಅಲ್ಲ ಅತ್ತೆ. 2012ರಲ್ಲಿ ಜೀಜಾ ಘೋಷ್ ಅನ್ನುವವರನ್ನು ಕೋಲ್ಕತ್ತಾದಲ್ಲಿ ಸ್ಪೈಸ್‌ಜೆಟ್ ವಿಮಾನದಿಂದ ಇಳಿಸಿದ್ದರು. ಅವರಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಗೋವಾದಲ್ಲಿ ಒಂದು ಸಮ್ಮೇಳನಕ್ಕೆ ಹೊರಟಿದ್ದರು, ಅಂಗವಿಕಲರ ಹಕ್ಕಿಗಾಗಿಯೇ ಕೆಲಸ ಮಾಡುವವರು. ಸೀಟಿನಲ್ಲಿ ಕೂತ ಮೇಲೆ ಎಬ್ಬಿಸಿ ಕಳಿಸಿದರು. ಅವರು ಬಿಡಲಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲಿ 10 ಲಕ್ಷ ಪರಿಹಾರ ಕೊಡಿಸಿತು. ಆಮೇಲೂ ನಿಲ್ಲಲಿಲ್ಲ. 2022ರಲ್ಲಿ ರಾಂಚಿಯಲ್ಲಿ ಇಂಡಿಗೋದವರು ಒಬ್ಬ ಅಂಗವಿಕಲ ಹುಡುಗನನ್ನು ಹತ್ತಿಸಲಿಲ್ಲ, ಗಾಬರಿಯಲ್ಲಿದ್ದಾನೆ ಅಂತ. ಅದಕ್ಕೆ 5 ಲಕ್ಷ ದಂಡ ಬಿತ್ತು, ನಿಯಮವೂ ಬದಲಾಯಿತು. ಈಗ ಅಂಗವೈಕಲ್ಯ ಇದೆ ಅಂತ ಯಾರನ್ನೂ ತಡೆಯುವ ಹಾಗಿಲ್ಲ. ಆರೋಗ್ಯ ಕೆಡಬಹುದು ಅನ್ನಿಸಿದರೆ ವಿಮಾನ ನಿಲ್ದಾಣದ ಡಾಕ್ಟರನ್ನೇ ಕರೆಸಿ ತೋರಿಸಬೇಕು. ಕೌಂಟರಿನಲ್ಲಿ ಕೂತವರು ನೋಡಿ ತೀರ್ಮಾನ ಮಾಡುವುದಲ್ಲ. ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿ ಎರಡು ವರ್ಷ ಆಯಿತು, ಬಿಪಿ ಹತೋಟಿಯಲ್ಲಿದೆ. ಮುಚ್ಚಿಡುವುದು ಬೇಡ. ಮುಚ್ಚಿಟ್ಟರೆ ಬೇಕಾದ ಸಹಾಯ ಕೇಳುವುದು ಹೇಗೆ?

ರಘು, ನೀನು ಗಮನ ಕೊಡಬೇಕಾದ್ದು ಇಲ್ಲಿ. 'ವೀಲ್‌ಚೇರ್ ಬೇಕು' ಅಂತ ಅಷ್ಟೇ ಹೇಳಿದರೆ ಸಾಲದು. ಅದರಲ್ಲಿ ಮೂರು ಥರ ಇದೆ. 'ಆರ್' ಅಂದರೆ ಮೆಟ್ಟಿಲು ಹತ್ತುತ್ತಾರೆ, ದೂರ ನಡೆಯಲು ಆಗುವುದಿಲ್ಲ. 'ಎಸ್' ಅಂದರೆ ಮೆಟ್ಟಿಲು ಆಗುವುದಿಲ್ಲ, ಒಳಗೆ ಸೀಟಿನವರೆಗೆ ನಡೆಯುತ್ತಾರೆ. 'ಸಿ' ಅಂದರೆ ಸೀಟಿನವರೆಗೂ ಕುರ್ಚಿಯಲ್ಲೇ ಹೋಗಬೇಕು. ಟಿಕೆಟ್‌ನಲ್ಲಿ ಡಬ್ಲ್ಯೂಸಿಎಚ್ ಆದಮೇಲೆ ಈ ಅಕ್ಷರ ಬರುತ್ತದೆ. ಏನೂ ಹೇಳದಿದ್ದರೆ ಎಷ್ಟೋ ಸಲ 'ಆರ್' ಹಾಕಿಬಿಡುತ್ತಾರೆ. ದೊಡ್ಡಪ್ಪನ ಎಡಗಾಲು ಎತ್ತಲು ಆಗುವುದಿಲ್ಲ, ಅವರಿಗೆ 'ಎಸ್' ಬೇಕು. ವಿಮಾನದ ಬಾಗಿಲಿಗೇ ಸೇರುವ ದಾರಿ, ಏರೋಬ್ರಿಡ್ಜ್, ಇಲ್ಲದೆ ಬಸ್ಸಿನಲ್ಲಿ ಕರೆದುಕೊಂಡು ಹೋದರೆ ಆಗ ಗೊತ್ತಾಗುತ್ತದೆ ವ್ಯತ್ಯಾಸ. 'ಎಸ್' ಇದ್ದರೆ ಮೇಲೆತ್ತುವ ಗಾಡಿ, ಆಂಬುಲಿಫ್ಟ್ ತರಿಸಬೇಕು. 'ಆರ್' ಇದ್ದರೆ ಮೆಟ್ಟಿಲ ಕೆಳಗೆ ಕುರ್ಚಿ ನಿಲ್ಲಿಸಿ ಹತ್ತಿ ಅನ್ನುತ್ತಾರೆ.

ಇದನ್ನು ಹೊರಡುವ 48 ಗಂಟೆ ಮೊದಲೇ ಹೇಳಿಬಿಡಬೇಕು. ಏಜೆಂಟ್ ಹಾಕಿದ್ದೇನೆ ಅಂದರೆ ನಂಬಬೇಡ, ಕಂಪನಿಗೇ ಫೋನ್ ಮಾಡಿ ಓದಿಸಿ ಕೇಳು. ಎರಡು ವಿಮಾನಕ್ಕೂ ಹಾಕಿರಬೇಕು, ವಾಪಸ್ ಬರುವುದಕ್ಕೂ. ಸೀಟು ಓಣಿಯ ಪಕ್ಕ, ಕೈ ಇಡುವ ಪಟ್ಟಿ ಮೇಲೆತ್ತಲು ಬರುವಂಥದ್ದು ಕೇಳು. ಟಾಯ್ಲೆಟ್‌ಗೆ ಹೋಗಲು ಒಳಗೇ ಒಂದು ಸಣ್ಣ ಕುರ್ಚಿ ಇರುತ್ತದೆ, ಗಗನಸಖಿಯರು ಬಾಗಿಲ ತನಕ ತಳ್ಳುತ್ತಾರೆ. ಎತ್ತುವುದಿಲ್ಲ, ಒಳಗೆ ಸಹಾಯ ಮಾಡುವುದಿಲ್ಲ. ಅದು ದೊಡ್ಡಮ್ಮನೇ ಮಾಡಬೇಕು. ಅವರೂ ಕುರ್ಚಿಯಲ್ಲಿ ಕೂತರೆ, ಫ್ರಾಂಕ್‌ಫರ್ಟ್‌ನಲ್ಲಿ ಇಬ್ಬರನ್ನೂ ಬೇರೆ ಬೇರೆ ಕಡೆ ತಳ್ಳಿಕೊಂಡು ಹೋದರೆ ಏನು ಗತಿ?

ದೊಡ್ಡಮ್ಮನಿಗೆ 'ಮೀಟ್ ಅಂಡ್ ಅಸಿಸ್ಟ್' ಅಂತ ಕೇಳು. ದಾರಿ ತೋರಿಸಲು ಜನ ಬರುತ್ತಾರೆ, ಕುರ್ಚಿ ಇರುವುದಿಲ್ಲ. ಕೆಲವು ಕಂಪನಿಗಳು ದುಡ್ಡು ಕೇಳುತ್ತವೆ. ನಿಜ ಹೇಳಬೇಕೆಂದರೆ ದೊಡ್ಡಪ್ಪನ ಕುರ್ಚಿ ತಳ್ಳುವವರ ಜೊತೆ ನಡೆದರೆ ಅವರಿಗೆ ದಾರಿ ತಾನಾಗೇ ಸಿಗುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿ ಏರ್‌ಲೈನ್‌ನವರು "ವಿಮಾನ ನಿಲ್ದಾಣದವರನ್ನು ಕೇಳಿ" ಅಂದರೆ ಸಾಗಹಾಕುತ್ತಿದ್ದಾರೆ ಅಂದುಕೊಳ್ಳಬೇಡ. ಯುರೋಪಿನಲ್ಲಿ 2006ರ ಕಾನೂನಿನ ಪ್ರಕಾರ ಈ ಸಹಾಯ ವಿಮಾನ ನಿಲ್ದಾಣದ್ದೇ ಹೊಣೆ. ಅಮೆರಿಕದಲ್ಲಿ ಹೊಣೆ ಏರ್‌ಲೈನ್‌ನದು. 1986ರಿಂದಲೇ ಅವರಿಗೆ ಇದಕ್ಕೊಂದು ಕಾನೂನು ಇದೆ, ಅಲ್ಲಿಗೆ ಹಾರುವ ಹೊರದೇಶದ ಕಂಪನಿಗಳೂ ಈಗ ಅದರಡಿ ಬರುತ್ತವೆ. ಚಿಕಾಗೋದಲ್ಲಿ ತೊಂದರೆ ಆದರೆ ಸುಧಾ 'ಸಿಆರ್‌ಒ ಕರೆಯಿರಿ' ಅನ್ನಲಿ. ಅಂಗವಿಕಲರ ದೂರು ಬಗೆಹರಿಸುವ ಅಧಿಕಾರಿ ಅವರು. ನೇರವಾಗಿಯೋ ಫೋನಿನಲ್ಲೋ ಸಿಗಲೇಬೇಕು. ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. 2024ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ಗೆ 5 ಕೋಟಿ ಡಾಲರ್ ದಂಡ ಬಿತ್ತು, ವೀಲ್‌ಚೇರ್ ಮುರಿದು, ಜನರನ್ನು ಒರಟಾಗಿ ಎತ್ತಿ ಕೂರಿಸಿದ್ದಕ್ಕೆ.

ಮುರಿಯುವುದು ಅಂದಾಗ ನಮ್ಮ ಮಂಜುನದು ಹೇಳಲೇಬೇಕು. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ಅವನ ಬ್ಯಾಟರಿ ಕುರ್ಚಿ ಒಂದು ಪ್ರಯಾಣದಲ್ಲಿ ಜಾಯ್‌ಸ್ಟಿಕ್ ಕಿತ್ತು ಬಂತು. ಕಂಪನಿ ಹೆಸರು ಬೇಡ. ದೂರು ಬರೆದುಕೊಂಡವರು ಕೇಳಿದ್ದೆಲ್ಲ ನನ್ನನ್ನೇ. "ಇವರು ಎದ್ದು ನಿಲ್ಲುತ್ತಾರಾ? ಇವರಿಗೆ ಈಗ ಬೇರೆ ಕುರ್ಚಿ ಸಾಕಾ?" ಮಂಜು ಇಂಜಿನಿಯರ್, ಎದುರಿಗೇ ಕೂತಿದ್ದಾನೆ! ಅವನ ಕುರ್ಚಿ ಅವನ ಬೆನ್ನಿನ ಅಳತೆಗೆ ಮಾಡಿಸಿದ್ದು, ಯಾವುದೋ ಕುರ್ಚಿಯಲ್ಲಿ ಅರ್ಧ ಗಂಟೆ ಕೂತರೆ ನೋವು ಶುರು. ಅದಕ್ಕೇ ಅವನು ಈಗ ವಿಮಾನದ ಬಾಗಿಲವರೆಗೆ ತನ್ನ ಕುರ್ಚಿಯಲ್ಲೇ ಹೋಗುತ್ತಾನೆ, ಕೊಡುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯುತ್ತಾನೆ. ದೊಡ್ಡಪ್ಪನ ಮಡಚುವ ವಾಕರ್‌ಗೂ ಹಾಗೇ ಮಾಡು. ಅದಕ್ಕೆ ಲಗೇಜ್ ದುಡ್ಡು ಕೊಡುವ ಹಾಗಿಲ್ಲ.

ಇಲ್ಲಿ ಕುರ್ಚಿ ತಳ್ಳುವವರಿಗೂ ದುಡ್ಡು ಕೊಡಬೇಕಾಗಿಲ್ಲ, ಒಳಗಿಂದ ಹೊರಬಾಗಿಲವರೆಗೆ ಉಚಿತ ಅಂತ ನಿಯಮವೇ ಇದೆ. ಅಮೆರಿಕದಲ್ಲಿ ಟಿಪ್ಸ್ ಕೊಡುವ ರೂಢಿ ಇದೆ, ದೊಡ್ಡಮ್ಮನ ಪರ್ಸಿನಲ್ಲಿ ಐದು ಡಾಲರ್ ನೋಟು ಕೆಲವು ಹಾಕಿಡು. ಇಲ್ಲಿ ಏನಾದರೂ ತೊಂದರೆ ಆದರೆ ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ಅವತ್ತೇ ದೂರು ಹಾಕು.

ಈಗ ಟಿಕೆಟ್‌ನ ಬುಕಿಂಗ್ ನಂಬರು, ಪಿಎನ್‌ಆರ್, ನನಗೆ ಕಳಿಸು, ಗ್ರೂಪ್‌ಗೆ ಹಾಕಬೇಡ. ನಾಳೆ ಮಂಜು ಮತ್ತೆ ನಾನು ಸೇರಿ ಫೋನ್ ಮಾಡಿ 'ಎಸ್' ಹಾಕಿಸುತ್ತೇವೆ. ಮಾತ್ರೆ, ಡಾಕ್ಟರ್ ಚೀಟಿ ಎರಡೂ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ತುಂಬಬೇಡಿ.